ಗಾಳಿಗೆ ಕೊಟ್ಟ ಬಾಡಿಗೆ

(ಸಾಗರದಲ್ಲಿ ಗೃಹೋದ್ಯಮ ನಡೆಸುವ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಪೆಟ್ಟಿಗೆ ನೋಡಿ. ಒಳಗೆ ಹಲಸಿನಕಾಯಿ ಚಿಪ್ಸ್ ಇದೆ, ಕಾಲು ಕೆಜಿಯ ಆರು ಪೊಟ್ಟಣ. ಮುಂದೆ ಕೂತಿರುವ ಅಕ್ಕ ಒಮ್ಮೆ ಎತ್ತಿ ನೋಡಿ, ಎಷ್ಟಿರಬಹುದು? ಎರಡು ಕೆಜಿ ಅಂದಿರಿ. ರಟ್ಟು, ಟೇಪು ಎಲ್ಲ ಸೇರಿ ತಕ್ಕಡಿಯಲ್ಲಿ 1 ಕೆಜಿ 900 ಗ್ರಾಂ ಬರುತ್ತದೆ. ಅಡುಗೆಮನೆಯಲ್ಲಿ ಪಳಗಿದ ಕೈಗೆ ತಕ್ಕಡಿ ಬೇಡ. ಆದರೆ ಇದನ್ನೇ ಕೊರಿಯರ್ ಅಂಗಡಿಗೆ ಒಯ್ದರೆ ಬಿಲ್ಲು ಆಗುವುದು ನಾಲ್ಕೂವರೆ ಕೆಜಿಗೆ.

ಮೊದಲ ಸಲ ಹೀಗಾದಾಗ ನಾನು ಜಗಳಕ್ಕೇ ನಿಂತಿದ್ದೆ. ತಕ್ಕಡಿ ಸುಳ್ಳು ಹೇಳುತ್ತದೆ ಅಂದುಕೊಂಡಿದ್ದೆ. ಅಂಗಡಿಯ ಹುಡುಗ ಒಂದು ಮಾತೂ ಆಡದೆ ದರ್ಜಿಯವರ ಹತ್ತಿರ ಇರುತ್ತದಲ್ಲ, ಅಂಥ ಟೇಪು ತೆಗೆದು ಪೆಟ್ಟಿಗೆ ಅಳೆದ. ಉದ್ದ 30 ಸೆಂಟಿಮೀಟರ್, ಅಗಲ 30, ಎತ್ತರ 25. ಮೂರನ್ನೂ ಗುಣಿಸಿದರೆ 22,500. ಅದನ್ನು 5000ದಿಂದ ಭಾಗಿಸಿದರೆ 4.5. ಇದಕ್ಕೆ ವಾಲ್ಯುಮೆಟ್ರಿಕ್ ತೂಕ ಅನ್ನುತ್ತಾರೆ. ತಕ್ಕಡಿಯ ತೂಕ, ಅಳತೆಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಕೆಲವು ಕಂಪನಿಗಳು 5000ದ ಬದಲು ಇನ್ನೂ ಸಣ್ಣ ಸಂಖ್ಯೆ ಇಟ್ಟುಕೊಂಡಿರುತ್ತವೆ. ಭಾಗಿಸುವ ಸಂಖ್ಯೆ ಸಣ್ಣದಾದಷ್ಟೂ ನಿಮ್ಮ ಬಿಲ್ಲು ದೊಡ್ಡದು. ದರ ಕೇಳುವಾಗ ಅದನ್ನೂ ಕೇಳಿಕೊಳ್ಳಿ.

ಇದು ಮೋಸ ಅಲ್ಲ. ದರಕಿನ, ಅಂದರೆ ಒಣ ಎಲೆಯ, ಗಾಡಿ ನೋಡಿದ್ದೀರಲ್ಲ? ಎತ್ತಿಗೆ ಭಾರವೇ ಇಲ್ಲ, ಆದರೆ ರಸ್ತೆ ಪೂರ್ತಿ ಅದರದ್ದೇ. ಕೊರಿಯರ್ ಲಾರಿಯೂ ಹಾಗೆಯೇ, ಭಾರ ತುಂಬುವ ಮೊದಲು ಜಾಗ ತುಂಬಿಹೋಗುತ್ತದೆ. ಜಾಗ ಹಿಡಿದದ್ದಕ್ಕೆ ಅವರು ಬಾಡಿಗೆ ಕೇಳುತ್ತಾರೆ. ತಪ್ಪು ನನ್ನದೇ ಆಗಿತ್ತು. ಪೇಟೆಯಲ್ಲಿ ಸಿಕ್ಕಿದ ದೊಡ್ಡ ಪೆಟ್ಟಿಗೆ ತಂದು, ಪೊಟ್ಟಣಗಳಿಗೆ ಗಾಳಿ ತುಂಬಿ, ಸುತ್ತಲೂ ಪೇಪರ್ ಉಂಡೆ ತುರುಕಿ, ಎರಡೂವರೆ ಕೆಜಿ ಗಾಳಿಯನ್ನು ಬೆಂಗಳೂರಿಗೆ ಕಳಿಸುತ್ತಿದ್ದೆ. ಒಂದು ವರ್ಷ ಹಾಗೆ ಕಳಿಸಿದ್ದೇನೆ.

ಆ ಪೆಟ್ಟಿಗೆ ಉಬ್ಬಿದರೆ ಇನ್ನೊಂದು ಕಥೆ. ಕೊರಿಯರ್‌ನವರ ಹಬ್‌ನಲ್ಲಿ, ಅಂದರೆ ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ, ಅಳೆಯುವುದು ಉಬ್ಬಿದ ಜಾಗದಲ್ಲಿ. ಒಂದೊಂದು ಕಡೆ ಬರೀ ಎರಡು ಸೆಂಟಿಮೀಟರ್ ಹೆಚ್ಚಾಗಲಿ. 32, 32, 27. ಗುಣಿಸಿ ಭಾಗಿಸಿದರೆ ಐದೂವರೆ ಕೆಜಿ ದಾಟುತ್ತದೆ. ಅರ್ಧ ಅರ್ಧ ಕೆಜಿಯ ಲೆಕ್ಕದಲ್ಲಿ ಮೇಲಕ್ಕೆ ಹೋದರೆ ಆರು. ಟೇಪು ಸ್ವಲ್ಪ ಸಡಿಲ ಎಳೆದದ್ದಕ್ಕೆ ಒಂದೂವರೆ ಕೆಜಿ ದಂಡ! ಅದು ನಿಮಗೆ ಗೊತ್ತಾಗುವುದೂ ಒಂದು ವಾರದ ಮೇಲೆ, ಖಾತೆಯಿಂದ ಹಣ ಕಡಿತವಾದಾಗ. ಹಾಗಾಗಿ ನಮ್ಮಲ್ಲಿ ಈಗ ಪ್ರತಿ ಪೆಟ್ಟಿಗೆಯನ್ನೂ ತಕ್ಕಡಿ ಮೇಲಿಟ್ಟು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೋ ತೆಗೆದೇ ಕಳಿಸುತ್ತೇವೆ. ವಾದಕ್ಕೆ ನಿಂತರೆ ಆ ಫೋಟೋ ಒಂದೇ ನಮ್ಮ ಕೈಯಲ್ಲಿರುವ ಸಾಕ್ಷಿ.

ಆಮೇಲೆ ಏನು ಮಾಡಿದೆವು ಅಂದರೆ, ಆರು ಪೊಟ್ಟಣದಲ್ಲಿ ಎರಡನ್ನು ತೆಗೆದೆವು. ಆ ಜಾಗದಲ್ಲಿ, ಪೆಟ್ಟಿಗೆಯ ತಳಕ್ಕೆ, ಒಂದೊಂದು ಕೆಜಿಯ ಎರಡು ಬಾಟಲಿ ಜೋನಿಬೆಲ್ಲ (ದ್ರವ ಬೆಲ್ಲ), ಅರ್ಧ ಕೆಜಿ ಅಪ್ಪೆಮಿಡಿ (ಎಳೆ ಮಾವು) ಉಪ್ಪಿನಕಾಯಿ. ಮೇಲೆ ನಾಲ್ಕು ಪೊಟ್ಟಣ ಚಿಪ್ಸ್. ಒಟ್ಟು ತೂಕ ನಾಲ್ಕು ಕೆಜಿ ಚಿಲ್ಲರೆ, ಬಿಲ್ಲು ಅದೇ ನಾಲ್ಕೂವರೆಗೆ. ಬಾಡಿಗೆ ಒಂದು ಪೈಸೆ ಹೆಚ್ಚಲಿಲ್ಲ, ಮಾಲು ಮಾತ್ರ ಎರಡು ಪಟ್ಟಿಗಿಂತ ಹೆಚ್ಚು ಹೋಯಿತು. ಗಾಳಿ ತುಂಬಿದ ಚಿಪ್ಸ್ ಪೊಟ್ಟಣ ಬಾಟಲಿಗೆ ತಲೆದಿಂಬಿನ ಹಾಗೆ ಕೂರುತ್ತದೆ, ಬಬಲ್ ರ‍್ಯಾಪಿನ ಖರ್ಚೂ ಉಳಿಯಿತು. ಗಿರಾಕಿಗಳಿಗೂ ಒಂದೇ ಪೆಟ್ಟಿಗೆಯಲ್ಲಿ ಊರಿನ ಮೂರು ಸಾಮಾನು ಸಿಕ್ಕಿದ ಖುಷಿ.

ಸಾಗಾಟ ಅಂದರೆ ನಾವೆಲ್ಲ ಕೊರಿಯರ್ ಅಂಗಡಿಯ ವಿಷಯ ಅಂದುಕೊಳ್ಳುತ್ತೇವೆ. ಯಾರು ಕಡಿಮೆಗೆ ಒಯ್ಯುತ್ತಾರೆ ಅಂತ ಹತ್ತು ಕಡೆ ವಿಚಾರಿಸುತ್ತೇವೆ. ನನ್ನ ಅನುಭವದಲ್ಲಿ ಹತ್ತು ಕಡೆ ತಿರುಗಿ ಉಳಿಸಿದ್ದು ಕಡಿಮೆ, ಪ್ಯಾಕಿಂಗ್ ಮೇಜಿನ ಮೇಲೆ ಉಳಿಸಿದ್ದು ಹೆಚ್ಚು. ಅದಕ್ಕೂ ಹಿಂದೆ ಹೋದರೆ, ಎಷ್ಟು ಗ್ರಾಂ ಪೊಟ್ಟಣ ಮಾಡಬೇಕು ಅಂತ ಕೂತು ಯೋಚಿಸಿದ ದಿನವೇ ಅರ್ಧ ಬಾಡಿಗೆ ನಿರ್ಧಾರ ಆಗಿರುತ್ತದೆ.

ಲೆಕ್ಕ ತೋರಿಸುತ್ತೇನೆ, ಪೆನ್ನು ಇದ್ದವರು ಬರೆದುಕೊಳ್ಳಿ. ಸಣ್ಣ ಪಾರ್ಸೆಲ್‌ಗಳಿಗೆ ಕೊರಿಯರ್ ದರ ಸಾಮಾನ್ಯವಾಗಿ 500 ಗ್ರಾಂ ಸ್ಲ್ಯಾಬಿನಲ್ಲಿ, ಅಂದರೆ ಅರ್ಧ ಅರ್ಧ ಕೆಜಿಯ ಹಂತದಲ್ಲಿ, ಇರುತ್ತದೆ. ನೀವು ಅರ್ಧ ಕೆಜಿ ಉಪ್ಪಿನಕಾಯಿ ಮಾರುತ್ತೀರಿ. ಉಪ್ಪಿನಕಾಯಿ 500 ಗ್ರಾಂ, ಪೌಚು ಮತ್ತು ರಟ್ಟಿನ ಪೆಟ್ಟಿಗೆ 120 ಗ್ರಾಂ, ಒಟ್ಟು 620. ಎರಡು ಸ್ಲ್ಯಾಬ್ ಆಯಿತು, ಅಂದರೆ ಒಂದು ಕೆಜಿಯ ದುಡ್ಡು. ಅದೇ 400 ಗ್ರಾಂ ಪೌಚು ಮಾಡಿ 80 ಗ್ರಾಮಿನ ಸಣ್ಣ ಪೆಟ್ಟಿಗೆಯಲ್ಲಿ ಹಾಕಿದರೆ 480, ಒಂದೇ ಸ್ಲ್ಯಾಬ್. ಎರಡು ಪೌಚು ಬೇಕು ಅಂದವರಿಗೆ 800 ಮತ್ತು ಪೆಟ್ಟಿಗೆಯ 120, ಒಂದು ಕೆಜಿ ಒಳಗೇ ಬಂತು. ಅರ್ಧ ಕೆಜಿ ಅನ್ನುವುದು ನಮ್ಮ ಬಾಯಿಗೆ ಕೂತ ಅಳತೆ, ಅಷ್ಟೇ. ಗಿರಾಕಿಗೆ 400 ಗ್ರಾಂ ಅಂತ ದೊಡ್ಡದಾಗಿ ಬರೆದು, ಅದಕ್ಕೆ ತಕ್ಕ ಬೆಲೆ ಹಾಕಿದರೆ ಯಾರೂ ತಕರಾರು ಮಾಡುವುದಿಲ್ಲ. ನನಗೆ ಇದು ಹೊಳೆದದ್ದು ನಾನೂರು ಲೇಬಲ್ಲು 500 ಗ್ರಾಂ ಅಂತ ಪ್ರಿಂಟು ಹಾಕಿಸಿದ ಮೇಲೆ. ಆ ಲೇಬಲ್ಲು ಈಗಲೂ ಮನೆಯಲ್ಲಿವೆ, ಮಗಳು ಹಿಂಬದಿಯಲ್ಲಿ ಚಿತ್ರ ಬರೆಯುತ್ತಾಳೆ.

ಈಗ ಪ್ಯಾಕಿಂಗ್ ವಿಷಯ. ಇದರಲ್ಲಿ ನಾನು ಪಟ್ಟ ಪಾಡು ಹೇಳಿದರೆ ನಿಮಗೆ ನಗು ಬರಬಹುದು.

ಒಂದು ಏಪ್ರಿಲ್‌ನಲ್ಲಿ ಪುಣೆಗೆ ಹನ್ನೆರಡು ಬಾಟಲಿ ಜೋನಿಬೆಲ್ಲ ಕಳಿಸಿದ್ದೆ. ಆ ಸಲದ ಬೆಲ್ಲ ಸ್ವಲ್ಪ ತೆಳ್ಳಗೇ ಇಳಿದಿತ್ತು, ಇನ್ನೊಂದು ಕುದಿ ಬರಬೇಕಿತ್ತು. ಜೋನಿಬೆಲ್ಲದಲ್ಲಿ ನೀರಿನ ಅಂಶ ಉಳಿದರೆ ಹುಳಿಯುತ್ತದೆ, ಹುಳಿದರೆ ಗ್ಯಾಸು ಬರುತ್ತದೆ. ಮನೆಯ ಮಣ್ಣಿನ ಗಡಿಗೆಯಲ್ಲಾದರೆ ನೊರೆ ಬಂದು ಸುಮ್ಮನಾಗುತ್ತದೆ. ಮುಚ್ಚಳ ಬಿಗಿದ ಬಾಟಲಿಯಲ್ಲಿ, ಬಿಸಿಲಿಗೆ ಕಾದ ಲಾರಿಯೊಳಗೆ ಅದಕ್ಕೆ ಹೋಗಲು ದಾರಿ ಎಲ್ಲಿ? ಮೂರನೇ ದಿನ ಕೊರಿಯರ್‌ನವರ ಫೋನು. ‘ಮೇಡಂ, ನಿಮ್ಮ ಪಾರ್ಸೆಲ್ಲಿಂದ ಏನೋ ಸುರೀತಿದೆ, ಇರುವೆ ಮುತ್ತಿದೆ’ ಅಂದರು. ನಮ್ಮ ಬೆಲ್ಲ ಕೆಳಗಿದ್ದ ಯಾರದೋ ಸೀರೆ ಪಾರ್ಸೆಲ್ಲಿನ ಮೇಲೆ ಇಳಿದಿತ್ತು. ಹನ್ನೆರಡು ಬಾಟಲಿಯಲ್ಲಿ ಸೋರಿದ್ದು ಎರಡೇ, ಹೋದದ್ದು ಹನ್ನೆರಡೂ. ಸೀರೆಯ ದುಡ್ಡೂ ನಾನೇ ಕೊಟ್ಟೆ.

ಅಂದಿನಿಂದ ಒಂದು ಪದ್ಧತಿ. ಬಾಟಲಿ ತುಂಬಿಸಿ ಎರಡು ದಿನ ಮನೆಯಲ್ಲೇ ಇಡುತ್ತೇವೆ. ಮುಚ್ಚಳ ಉಬ್ಬಿದರೆ ಕಳಿಸುವುದಿಲ್ಲ. ಬಾಟಲಿಯ ಬಾಯಿ ಬಿಸಿನೀರಿನ ಬಟ್ಟೆಯಿಂದ ಒರೆಸಬೇಕು, ಜಿಡ್ಡು ಉಳಿದರೆ ಸೀಲು ಕೂರುವುದಿಲ್ಲ. ಅದರ ಮೇಲೆ ಇಂಡಕ್ಷನ್ ಸೀಲು, ಅಂದರೆ ಹಾರ್ಲಿಕ್ಸ್ ಡಬ್ಬಿ ತೆಗೆದಾಗ ಕಾಣುವ ಬೆಳ್ಳಿ ಹಾಳೆಯಂಥದ್ದು. ಕೈಯಲ್ಲಿ ಹಿಡಿದು ಹಾಕುವ ಸಣ್ಣ ಯಂತ್ರ ಸಿಗುತ್ತದೆ, ಐದಾರು ಜನ ಸೇರಿ ಒಂದು ಕೊಂಡರೂ ಆಯಿತು. ಸೀಲಿನ ಮೇಲೆ ಮುಚ್ಚಳ, ಮುಚ್ಚಳಕ್ಕೆ ಸುತ್ತ ಟೇಪು. ಆಮೇಲೆ ಬಾಟಲಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಗಂಟು. ಸೋರಿದರೂ ಕೊಟ್ಟೆಯೊಳಗೇ ಸೋರಲಿ.

ಅಪ್ಪೆಮಿಡಿಗೆ ಬೇರೆಯದೇ ಕಾಟ. ನಮ್ಮ ಕಡೆಯದು ಎಣ್ಣೆ ಉಪ್ಪಿನಕಾಯಿ ಅಲ್ಲವಲ್ಲ, ಉಪ್ಪುನೀರು. ಉಪ್ಪು, ಹುಳಿ ಎರಡೂ ತಗಡನ್ನು ತಿನ್ನುತ್ತವೆ. ಗಾಜಿನ ಬಾಟಲಿಗೆ ತಗಡಿನ ಮುಚ್ಚಳ ಹಾಕಿದರೆ ತಿಂಗಳಲ್ಲಿ ಕಿಲುಬು. ಪ್ಲಾಸ್ಟಿಕ್ ಮುಚ್ಚಳವೇ ಆಗಬೇಕು. ಗಾಜು ಚಂದ, ನನಗೂ ಅದೇ ಇಷ್ಟ, ಆದರೆ ದೂರದ ಊರಿಗೆ ನಾನೀಗ ಗಾಜು ಕಳಿಸುವುದಿಲ್ಲ. ತೂಕಕ್ಕೆ ದುಡ್ಡು, ಒಡೆದರೆ ಇನ್ನೊಂದು ದುಡ್ಡು.

ಪೆಟ್ಟಿಗೆ ಕಟ್ಟಿದ ಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಸದ್ದು ಕೇಳಿದರೆ ಬಿಚ್ಚಿ ಮತ್ತೆ ಕಟ್ಟಿ. ಆಮೇಲೆ ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ಎಲ್ಲ ಪೆಟ್ಟಿಗೆಯನ್ನೂ ಅಲ್ಲ, ಹೊಸ ನಮೂನೆ ಕಟ್ಟಿದಾಗ ಒಂದನ್ನು. ‘ಒಡೆಯುವ ವಸ್ತು, ಜೋಪಾನ’ ಅಂತ ಕೆಂಪಿನಲ್ಲಿ ಬರೆದರೆ ಯಾರೂ ಎಸೆಯುವುದಿಲ್ಲ ಅಂದುಕೊಂಡಿದ್ದರೆ, ಒಂದು ರಾತ್ರಿ ಲಾರಿ ಇಳಿಸುವುದನ್ನು ನೋಡಿ ಬನ್ನಿ. ಆ ಹುಡುಗರನ್ನು ಬೈದು ಪ್ರಯೋಜನ ಇಲ್ಲ, ಬೆಳಗಾಗುವುದರೊಳಗೆ ಸಾವಿರಾರು ಪಾರ್ಸೆಲ್ ಖಾಲಿ ಮಾಡಬೇಕು ಅವರು. ಎಸೆಯುತ್ತಾರೆ ಅಂತಲೇ ತಿಳಿದು ಕಟ್ಟಬೇಕು. ಹಗುರದ್ದಕ್ಕೆ ಮೂರು ಪದರದ ರಟ್ಟು ಸಾಕು, ಬಾಟಲಿ ಇದ್ದರೆ ಐದು ಪದರ. ಬಾಟಲಿಗಳ ನಡುವೆ ನಾವು ಕೆಲವು ದಿನ ಅಡಿಕೆ ಹಾಳೆ ಕತ್ತರಿಸಿ ಇಡುತ್ತಿದ್ದೆವು. ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಮಳೆಗಾಲದಲ್ಲಿ ಬೂಸಲು ಹಿಡಿದು ಬಿಟ್ಟೆವು.

ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕೆ? ರಟ್ಟು ತೇವ ಹಿಡಿದರೆ ಟೇಪು ಹಿಡಿಯುವುದಿಲ್ಲ. ನಾವು ಜೂನ್‌ನಿಂದ ರಟ್ಟನ್ನೆಲ್ಲ ಅಟ್ಟದಲ್ಲಿ, ಒಲೆಯ ಬಿಸಿ ತಾಗುವಲ್ಲಿ ಇಡುತ್ತೇವೆ. ವಿಳಾಸದ ಮೇಲೆ ಇಂಕಿನ ಪ್ರಿಂಟು ಇದ್ದರೆ ಪಾರದರ್ಶಕ ಟೇಪು ಹಚ್ಚಿ, ಬಾರ್‌ಕೋಡ್ ಮೇಲೆ ಮಾತ್ರ ಸುಕ್ಕು ಬರದ ಹಾಗೆ ನೋಡಿಕೊಳ್ಳಿ.

ವಿಳಾಸ ಅಂದೆನಲ್ಲ. ನಮ್ಮ ಪಾರ್ಸೆಲ್ ತಪ್ಪಿಹೋದದ್ದರಲ್ಲಿ ಹೆಚ್ಚಿನವು ಹೋದದ್ದು ವಿಳಾಸದಿಂದ. ಮೊದಲು ನೋಡಬೇಕಾದದ್ದು ಪಿನ್ ಕೋಡ್. ಇದು ಬಂದದ್ದು 1972ರ ಆಗಸ್ಟ್ 15ರಂದು. ತಂದವರು ಶ್ರೀರಾಮ ಭಿಕಾಜಿ ವೇಲಣಕರ್, ಕೇಂದ್ರದ ಸಂಪರ್ಕ ಖಾತೆಯಲ್ಲಿ ಅಧಿಕಾರಿ, ಜೊತೆಗೆ ಸಂಸ್ಕೃತದ ಕವಿ. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಭಾಷೆ, ಬೇರೆ ಬೇರೆ ಲಿಪಿ. ಇವೆಲ್ಲದರ ನಡುವೆ ಕಾಗದ ದಾರಿ ತಪ್ಪದಿರಲಿ ಅಂತ ಆರು ಅಂಕೆ. ಮೊದಲ ಅಂಕೆ ವಲಯ. ಐದರಿಂದ ಶುರುವಾದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಎರಡು ಅಂಕೆ 56ರಿಂದ 59ರ ಒಳಗೆ ಇದ್ದರೆ ನಮ್ಮ ರಾಜ್ಯ. ನಿಮ್ಮ ಸಾಗರ 577401, ನಮ್ಮ ಶಿರಸಿ 581401. ನಡುವೆ ಸಿದ್ದಾಪುರ ದಾಟಿದರೆ ಬಂತು, ಮದುವೆ ಸಂಬಂಧ ಎಲ್ಲ ಇದೆ, ಆದರೆ ಅಂಚೆಯ ಲೆಕ್ಕದಲ್ಲಿ ನೀವೇ ಬೇರೆ, ನಾವೇ ಬೇರೆ.

ಇದು ತಲೆಯಲ್ಲಿದ್ದರೆ ಏನು ಉಪಯೋಗ? ಒಬ್ಬರು ‘ಶಹಾಪುರ’ ಅಂತ ಬರೆದು ಆರ್ಡರ್ ಹಾಕಿದ್ದರು. ಬೆಳಗಾವಿ ನಗರದೊಳಗೆ ಒಂದು ಶಹಾಪುರ ಇದೆ, ಯಾದಗಿರಿ ಜಿಲ್ಲೆಯಲ್ಲಿ ಇನ್ನೊಂದು ಶಹಾಪುರ ಇದೆ. ಪಿನ್ ನೋಡಿದರೆ 590ರಿಂದ ಶುರು, ಹಾಗಾದರೆ ಬೆಳಗಾವಿ. 585 ಇದ್ದಿದ್ದರೆ ಯಾದಗಿರಿ. ಪಿನ್ನೂ ವಿಳಾಸವೂ ತಾಳೆ ಆಗದಿದ್ದರೆ ಪಾರ್ಸೆಲ್ ಕಟ್ಟುವ ಮೊದಲೇ ಫೋನು ಮಾಡಿ. ಬೆಂಗಳೂರಿನವರು ಅವಸರದಲ್ಲಿ 560001 ಅಂತ ಬರೆದುಬಿಡುತ್ತಾರೆ, ಇರುವುದು ಮಾತ್ರ ಯಲಹಂಕದಲ್ಲಿ. ಅಲ್ಲಿ ಕ್ರಾಸು, ಮೇನು ಬರೆದರೆ ಸಾಲದು, ಬಡಾವಣೆ, ಬ್ಲಾಕು ಎಲ್ಲ ಬೇಕು. ಜಯನಗರದಲ್ಲಿ 4ನೇ ಬ್ಲಾಕೂ ಇದೆ, 4ನೇ ಟಿ ಬ್ಲಾಕೂ ಇದೆ. ನಮ್ಮ ಹಳ್ಳಿಯ ವಿಳಾಸವೇ ವಾಸಿ. ‘ಹೆಗಡೆಯವರ ಮನೆ’ ಅಂತ ಬರೆದರೆ ಸಾಕು, ಯಾವ ಹೆಗಡೆಯವರು ಅಂತ ಪೋಸ್ಟ್‌ಮ್ಯಾನ್‌ಗೆ ಗೊತ್ತಿರುತ್ತದೆ.

ಯಾರ ಕೈಯಲ್ಲಿ ಕಳಿಸಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನಾನು ಒಬ್ಬರನ್ನೇ ನೆಚ್ಚಿಕೊಳ್ಳುವುದಿಲ್ಲ. ಹಳ್ಳಿಗೆ, ಗುಡ್ಡಗಾಡಿಗೆ, ಈಶಾನ್ಯ ರಾಜ್ಯಗಳಿಗೆ ಅಂಚೆಯೇ. ಖಾಸಗಿಯವರ ಪಟ್ಟಿಯಲ್ಲಿ ಇಲ್ಲದ ಪಿನ್ನಿಗೂ ಅಂಚೆ ಹೋಗುತ್ತದೆ. ಸ್ಪೀಡ್ ಪೋಸ್ಟಿನಲ್ಲಿ 35 ಕೆಜಿವರೆಗೆ ಕಳಿಸಬಹುದು. ನಗರಗಳಿಗೆ ಕೊರಿಯರ್ ಅನುಕೂಲ, ಮನೆಗೇ ಬಂದು ಒಯ್ಯುತ್ತಾರೆ. ಹತ್ತಾರು ಕೊರಿಯರ್‌ಗಳ ದರ ಒಂದೇ ಕಡೆ ತೋರಿಸುವ ಅಗ್ರಿಗೇಟರ್ ಆ್ಯಪ್‌ಗಳೂ ಇವೆ. ತಿಂಗಳಿಗೆ ಐವತ್ತು ಪಾರ್ಸೆಲ್ ದಾಟಿದ ಮೇಲೆ ನಾನು ಅದಕ್ಕೆ ಹೋದೆ. ಬೆಂಗಳೂರಿನ ಅಂಗಡಿಗಳಿಗೆ ಹತ್ತಿಪ್ಪತ್ತು ಪೆಟ್ಟಿಗೆ ಒಟ್ಟಿಗೆ ಇದ್ದರೆ ಲಾರಿ ಆಫೀಸು ಅಥವಾ ಸರ್ಕಾರಿ ಬಸ್ಸು. 2021ರಿಂದ ಸಾರಿಗೆ ನಿಗಮದವರೇ ‘ನಮ್ಮ ಕಾರ್ಗೋ’ ಅಂತ ನಡೆಸುತ್ತಿದ್ದಾರೆ. ಅದಕ್ಕೂ ಮೊದಲು ನಾವೆಲ್ಲ ಮಾಡುತ್ತಿದ್ದದ್ದು ಏನು? ರಾತ್ರಿ ಬಸ್ಸಿನ ಡ್ರೈವರಿಗೆ ಕೈಮುಗಿದು ಹಲಸಿನ ಹಪ್ಪಳದ ಕಟ್ಟು ಕೊಡುವುದು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಭಾವನೋ ತಮ್ಮನೋ ನಿಂತು ಇಸಿದುಕೊಳ್ಳುವುದು. ರಸೀದಿ ಇಲ್ಲ, ಟ್ರ್ಯಾಕಿಂಗ್ ಇಲ್ಲ. ಒಂದು ಕಟ್ಟೂ ತಪ್ಪಿರಲಿಲ್ಲ ನೋಡಿ.

ಲಾರಿಯ ಮಾತು ಬಂತು, ಒಂದು ನೆನಪಾಯಿತು. ವಿಆರ್‌ಎಲ್ ಲಾರಿಗಳ ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿ ಇಟ್ಟುಕೊಂಡು ಶುರು ಮಾಡಿದ್ದು. ಆಮೇಲೆ ಹುಬ್ಬಳ್ಳಿಯಿಂದ ಅದು ಎಲ್ಲಿಗೆ ಬೆಳೆಯಿತು ಅಂತ ನಿಮಗೆ ಗೊತ್ತು. ಅವರು 1999ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ ತಂದಾಗ ಲಾರಿಯವರಿಗೆ ಪೇಪರು ಯಾಕೆ ಅಂದವರಿದ್ದರು. ನನಗೆ ಅನ್ನಿಸುವುದು, ಪೇಪರೂ ಒಂದು ಪಾರ್ಸೆಲ್ಲೇ. ಹತ್ತು ಗಂಟೆಗೆ ತಲುಪಿದರೆ ರದ್ದಿ.

ಲಾರಿ ಆಫೀಸಿನಲ್ಲಿ ಎಲ್‌ಆರ್, ಅಂದರೆ ಲಾರಿ ರಸೀದಿ, ಕೊಡುತ್ತಾರೆ, ಅದನ್ನು ಕಳೆಯಬೇಡಿ. ‘ಟು ಪೇ’ ಅಂದರೆ ಬಾಡಿಗೆ ಬಿಡಿಸಿಕೊಳ್ಳುವವರದ್ದು, ‘ಪೇಡ್’ ಅಂದರೆ ನಿಮ್ಮದು. ಗೋಡೌನ್ ಡೆಲಿವರಿಯೋ ಮನೆಬಾಗಿಲಿಗೋ, ಹಮಾಲಿ ಯಾರದ್ದು, ಮೊದಲೇ ಮಾತಾಡಿಕೊಳ್ಳಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಪತ್ರ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವಹಿವಾಟು 40 ಲಕ್ಷ ಆಗಿಲ್ಲ, ಜಿಎಸ್‌ಟಿ ಬೇಡ ಅಂತ ಕೂತಿರುತ್ತೇವೆ. ತೆರಿಗೆ ಇರುವ ಉಪ್ಪಿನಕಾಯಿಯಂಥ ಮಾಲನ್ನು ಹೊರರಾಜ್ಯಕ್ಕೆ ಮಾರುವುದಾದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಬರೀ ಹಪ್ಪಳ ಮಾರುವವರಿಗೆ ಆ ಚಿಂತೆ ಇಲ್ಲ. ನಿಮ್ಮ ನಿಮ್ಮ ಮಾಲು ಯಾವುದರಲ್ಲಿ ಬರುತ್ತದೆ ಅಂತ ಲೆಕ್ಕಪತ್ರ ನೋಡುವವರ ಹತ್ತಿರ ಒಮ್ಮೆ ಕೂತು ಕೇಳಿ.

ವಿಮಾನದಲ್ಲಿ ಬೇಗ ಹೋಗುತ್ತದೆ ಅಂತ ಏರ್ ಆರಿಸಬೇಡಿ. ದ್ರವ ಇದ್ದ ಪೆಟ್ಟಿಗೆ ತಪಾಸಣೆಯಲ್ಲಿ ನಿಂತು ವಾಪಸ್ ಬರಬಹುದು. ಒಣ ಕೊಬ್ಬರಿಯಂತೂ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ದೇವರ ಪೂಜೆಗೆ ಬರುವ ಕೊಬ್ಬರಿ ಬಟ್ಟಲು ವಿಮಾನದವರಿಗೆ ಅಪಾಯಕಾರಿ ಸರಕು!

ಕ್ಯಾಶ್ ಆನ್ ಡೆಲಿವರಿ (ಸಿಒಡಿ, ಮಾಲು ಕೈಗೆ ಬಂದ ಮೇಲೆ ದುಡ್ಡು) ಕೊಡಬೇಕೋ ಬೇಡವೋ? ಹಿಂದೆ ಕೂತ ತಂಗಿ ಬೆಳಿಗ್ಗೆಯೇ ಕೇಳಿದ್ದಳು. ಇಲ್ಲಿ ಆರ್‌ಟಿಒ ಅಂತ ಒಂದು ಶಬ್ದ ಕಲಿಯಬೇಕು. ಲೈಸೆನ್ಸ್ ಕೊಡುವ ಆಫೀಸಲ್ಲ, ರಿಟರ್ನ್ ಟು ಒರಿಜಿನ್, ಹೋದ ಮಾಲು ಮನೆಗೆ ವಾಪಸ್ ಬರುವುದು. ನೂರು ಪಾರ್ಸೆಲ್ ಸಿಒಡಿಯಲ್ಲಿ ಹೋಯಿತು ಅಂತ ಇಟ್ಟುಕೊಳ್ಳಿ, ಇಪ್ಪತ್ತು ವಾಪಸ್ ಬಂತು. ಹೋಗಲು 90, ಬರಲು 90, ಒಂದಕ್ಕೆ 180. ಇಪ್ಪತ್ತಕ್ಕೆ 3,600. ಉಳಿದ ಎಂಬತ್ತು ಪಾರ್ಸೆಲ್ ಅದನ್ನು ಹೊರಬೇಕು, ತಲಾ 45 ರೂಪಾಯಿ. ನಿಮ್ಮ ಲಾಭ ಅಷ್ಟಿದೆಯಾ? ವಾಪಸ್ ಬಂದ ಚಿಪ್ಸ್ ಪುಡಿ ಬೇರೆ. ನಾನು ಹೊಸಬರಿಗೆ ಸಿಒಡಿ ಕೊಡುವುದಿಲ್ಲ. ಮೊದಲೇ ದುಡ್ಡು ಹಾಕಿದರೆ ಸಾಗಾಟ ಉಚಿತ, ಸಿಒಡಿ ಆದರೆ 50 ರೂಪಾಯಿ ಹೆಚ್ಚು ಅಂತ ಇಟ್ಟ ಮೇಲೆ ಕೇಳುವವರೇ ಕಡಿಮೆಯಾದರು. ಉಚಿತ ಅಂದರೆ ನಿಜವಾಗಿ ಉಚಿತ ಅಲ್ಲ, ಬೆಲೆಯೊಳಗೆ ಸೇರಿರುತ್ತದೆ, ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ವಾಪಸ್ ಬಂದದ್ದಕ್ಕೆಲ್ಲ ಗಿರಾಕಿಯೇ ಕಾರಣ ಅಲ್ಲ. ಒಮ್ಮೆ ಮೈಸೂರಿನ ಒಬ್ಬ ಅಜ್ಜಿಯ ಪಾರ್ಸೆಲ್ ಮೂರು ಸಲ ‘ಬಾಗಿಲು ಹಾಕಿತ್ತು’ ಅಂತ ಬಂತು. ಅಜ್ಜಿಗೆ ಮೊಣಕಾಲು ನೋವು, ಮನೆ ಬಿಟ್ಟು ಹೊರಗೆ ಹೋಗುವವರೇ ಅಲ್ಲ. ಈಗ ‘ತಲುಪಿಸಲಾಗಿಲ್ಲ’ ಅನ್ನುವ ಸಂದೇಶ ಬಂದ ಅದೇ ಗಂಟೆಯಲ್ಲಿ ನಾವೇ ಗಿರಾಕಿಗೆ ಫೋನು ಮಾಡುತ್ತೇವೆ. ಸಂಜೆಗೆ ಬಿಟ್ಟರೆ ತಡವಾಯಿತು.

ಕಳೆದುಹೋದರೆ ಏನು ಸಿಗುತ್ತದೆ ಅಂತ ಕೇಳಿದಿರಿ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಕೊರಿಯರ್ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅವರವರ ಮಿತಿ ಇರುತ್ತದೆ. ಸಹಿ ಹಾಕಿಕೊಟ್ಟ ಮೇಲೆ ಆ ಮಿತಿಗೆ ಕಟ್ಟುಬಿದ್ದ ಹಾಗೆ ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಒಂದು ಕೊರಿಯರ್ ಪ್ರಕರಣದಲ್ಲಿ ಹೇಳಿದೆ. ನಾಲ್ಕೈದು ಸಾವಿರದ ಮಾಲಾದರೆ ವಿಮೆ ಮಾಡಿಸಿ. ಐನೂರರ ಉಪ್ಪಿನಕಾಯಿಗೆ ಬೇಡ, ಇನ್ನೊಂದು ಕಟ್ಟಿ ಕಳಿಸಿ, ಗಿರಾಕಿ ಉಳಿಯುತ್ತಾರೆ.

ಕೊನೆಗೆ ತೊಡದೇವು ಕಳಿಸುವುದು ಹೇಗೆ ಅಂತ ಚೀಟಿ ಬಂದಿದೆ. ಯಾರು ಬರೆದದ್ದು? ನೀವು ಧೈರ್ಯವಂತರು. ಮಡಕೆ ಬೆನ್ನಿನ ಮೇಲೆ ಹುಯ್ದು ತೆಗೆದ ಆ ಕಾಗದದಂಥ ತಿಂಡಿಯನ್ನು ಮನೆಯಲ್ಲಿ ತಟ್ಟೆಯಿಂದ ತಟ್ಟೆಗೆ ಹಾಕುವಾಗಲೇ ಮುರಿಯುತ್ತೇವೆ. ಮೊದಲ ಸಲ ಮುಂಬೈಗೆ ಕಳಿಸಿದ್ದು ಪುಡಿಯಾಗಿ ತಲುಪಿತ್ತು, ಪುಣ್ಯಾತ್ಮರು ಹಾಲು ತುಪ್ಪ ಹಾಕಿಕೊಂಡು ತಿಂದೆವು ಅಂದರು. ಈಗ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಸರಿಯಾಗಿ ಕೂರುವ ಹಾಗೆ ಮಡಚುತ್ತೇವೆ, ಒಂದೊಂದರ ನಡುವೆ ಬಟರ್ ಪೇಪರ್, ಮೇಲೆ ಅಲುಗದ ಹಾಗೆ ಒಂದು ಪದರ ಪೇಪರ್. ಆದರೂ ಒಂದೆರಡು ಹೋಗುತ್ತವೆ. ಹತ್ತಕ್ಕೆ ದುಡ್ಡು ತೆಗೆದುಕೊಂಡು ಹನ್ನೆರಡು ಹಾಕುತ್ತೇವೆ. ಹೋದ ತಿಂಗಳು ಡೊಂಬಿವಲಿಯ ಒಬ್ಬರು ಫೋನು ಮಾಡಿದರು. ಹನ್ನೆರಡೂ ಇಡಿಯಾಗಿ ಬಂದಿವೆ, ಎರಡು ಹೆಚ್ಚಿವೆ, ವಾಪಸ್ ಕಳಿಸಲಾ ಅಂತ ಕೇಳಿದರು. ಬೇಡ ಮಾರಾಯರೇ, ತಿಂದುಬಿಡಿ, ಬರುವ ಬಾಡಿಗೆ ಯಾರು ಕೊಡುತ್ತಾರೆ ಅಂದೆ.